ಎಣ್ಣೆ ಕುಡಿದ ಕ್ಯಾಮೆರಾ

ನಮ್ಮ ದೀಪಾಲಿಯ ಬಗ್ಗೆ ಯಾರಾದರೂ ಬರೆಯುವುದಿದ್ದರೆ ನಾನೇ ಬರೆಯಬೇಕು. ಅವಳ ಕಥೆಯಲ್ಲಿ ಆದ ಒಂದು ದೊಡ್ಡ ತಪ್ಪಿನಲ್ಲಿ ಅರ್ಧ ಪಾಲು ನನ್ನದು. ಉಳಿದ ಅರ್ಧ ಅವಳ ತಾಯಿಯದು, ಆದರೆ ಆ ತಾಯಿಗೆ ಇವತ್ತಿಗೂ ಅದು ಗೊತ್ತಿಲ್ಲ. ಇದನ್ನು ಯಾರೂ ಆ ತಾಯಿಗೆ ಓದಿ ಹೇಳಬಾರದು ಎಂಬ ಷರತ್ತಿನ ಮೇಲೆ ಮುಂದುವರಿಸುತ್ತೇನೆ.

ನನ್ನ ಹೆಸರು ರೂಪೇಶ, ಮನೆ ಚಿತ್ತಾಕುಲದಲ್ಲಿ. ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಆಯಿಲರ್ ಕೆಲಸ. ವರ್ಷದಲ್ಲಿ ಒಂಬತ್ತು ತಿಂಗಳು ಯಂತ್ರಗಳಿಗೆ ಎಣ್ಣೆ ಕುಡಿಸುವುದು, ಮೂರು ತಿಂಗಳು ಊರಿಗೆ ಬಂದು ಅದರ ಬಗ್ಗೆ ಜಂಬ ಕೊಚ್ಚುವುದು. ದೀಪಾಲಿ ನನ್ನ ತಾಯಿಯ ತಂಗಿ ಹೀರಾ ಮಾವಶಿಯ ಮಗಳು, ನನ್ನನ್ನು ದಾದಾ ಎಂದು ಕರೆಯುವ ತಂಗಿ. ಮಾವಶಿ ಬೆಳಂಬಾರದವಳು. ಗಂಡ ತೀರಿಕೊಂಡ ಮೇಲೆ ಅಂಕೋಲೆಯ ಪೇಟೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತು ಮಗಳನ್ನು ಓದಿಸಿದಳು. ಅವಳ ಹತ್ತಿರ ಚೌಕಾಸಿ ಮಾಡಲು ಹೋದ ಗಿರಾಕಿ ಹೇಳಿದ ಬೆಲೆಗಿಂತ ಜಾಸ್ತಿ ಕೊಟ್ಟು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ದೀಪಾಲಿ ಆರು ವರ್ಷ ಅಂಕೋಲೆಯ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡಿದಳು. ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು, ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಕಲೆ ತೆಗೆಯುವುದು ಅವಳ ಪಾಲಿಗೆ ಬಂದಿತ್ತು. ಅಂಕೋಲೆಯ ಅರ್ಧ ಮದುಮಕ್ಕಳ ಮೊಡವೆ ತೆಗೆದವಳು ಅವಳೇ. ಆದರೆ ಆರು ವರ್ಷದಲ್ಲಿ ಒಂದು ಸಲವೂ ಅವಳ ಕೈಗೆ ಕ್ಯಾಮೆರಾ ಕೊಡಲಿಲ್ಲ. ಬಟನ್ ಒತ್ತುವುದು ಗಂಡಸರ ಕೆಲಸವಂತೆ. ಹಡಗಿನಲ್ಲಿ ಬಟನ್ ಒತ್ತಿ ಒತ್ತಿ ಬೆರಳು ಸವೆದ ನನಗೆ ಅದರಲ್ಲಿ ಗಂಡಸುತನ ಎಲ್ಲಿದೆಯೋ ಇನ್ನೂ ಗೊತ್ತಾಗಿಲ್ಲ. ಆಮೇಲೆ ಡಿಜಿಟಲ್ ಬಂತು, ರೋಲು ತೊಳೆಯಲು ಕೊಡುವವರು ಕಡಿಮೆಯಾದರು, ೨೦೦೬ರಲ್ಲಿ ಸ್ಟುಡಿಯೋ ಬಾಗಿಲು ಹಾಕಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಂಬಾರದ ಮೀನುಗಾರರ ಸಂಘದವರು ತಮ್ಮ ನಲವತ್ತೆರಡು ದೋಣಿಗಳಿಗೆ ಒಟ್ಟಿಗೆ ವಿಮೆ ಮಾಡಿಸಲು ಹೊರಟಿದ್ದರು. ವಿಮೆಯವರು ಪ್ರತಿ ದೋಣಿಗೆ ಎರಡು ಫೋಟೋ ಕೇಳಿದ್ದರು. ಒಂದರಲ್ಲಿ ಮೂತಿಯ ಮೇಲೆ ಬರೆದ ನಂಬರ್ ಓದಲು ಬರುವಂತೆ ಇಡೀ ದೋಣಿ ಕಾಣಬೇಕು, ಇನ್ನೊಂದರಲ್ಲಿ ಮಾಲಿಕನ ಮುಖ. ಸಭೆಯಲ್ಲಿ ಯಾರನ್ನು ಕರೆಯೋಣ ಎಂಬ ಮಾತು ನಡೆದಾಗ ಹಿಂದಿನ ಸಾಲಿನಿಂದ ದೀಪಾಲಿ ಎದ್ದು ನಿಂತು, ‘ನಾ ತೆಗೀತೆ’ ಅಂದಳು. ಅವಳ ಹತ್ತಿರ ಆಗ ಕ್ಯಾಮೆರಾವೇ ಇರಲಿಲ್ಲ.

ಸಂಘದ ಕಾರ್ಯದರ್ಶಿ ದತ್ತಾ ಕಾಕಾ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರಂತೆ. ‘ಮುಂದಿನ ಸೋಮವಾರ ಫೋಟೋ ನನ್ನ ಮೇಜಿನ ಮೇಲೆ ಇರ್ಬೇಕು. ಇಲ್ದಿದ್ರೆ ಕಾರವಾರದವರಿಗೆ ಹೇಳ್ತೆ. ಆಮೇಲೆ ಬೇಜಾರ ಮಾಡ್ಕೊಂಬುದಲ್ಲ.’

ಅವಳು ಬೇಜಾರು ಮಾಡಿಕೊಳ್ಳುವ ಪೈಕಿ ಅಲ್ಲ. ಆದರೆ ಈ ಒಂದು ಕೆಲಸ ಕೈತಪ್ಪಿದರೆ ಊರಿನಲ್ಲಿ ಇನ್ನೊಮ್ಮೆ ಯಾರೂ ತನ್ನನ್ನು ಕರೆಯುವುದಿಲ್ಲ, ತಾಯಿಯ ಪಕ್ಕದಲ್ಲಿ ಇನ್ನೊಂದು ಬುಟ್ಟಿ ಇಟ್ಟುಕೊಂಡು ಕೂರುವುದೇ ಗತಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನವೇ ನನಗೆ ಫೋನ್ ಬಂತು. ನಾನು ರಜೆಯ ಮೇಲೆ ಬಂದು ಎರಡು ದಿನವಾಗಿತ್ತು, ಪೆಟ್ಟಿಗೆಯಲ್ಲಿ ಸಿಂಗಾಪುರದಲ್ಲಿ ಕೊಂಡ ಎರಡು ಕ್ಯಾಮೆರಾ ಇದ್ದವು. ಒಂದು ಅವಳಿಗೆಂದೇ ತಂದದ್ದು. ಇನ್ನೊಂದು ನನ್ನ ಹೆಂಡತಿಯ ತಮ್ಮ ಸೂರಜನಿಗೆ ಮಾತು ಕೊಟ್ಟದ್ದು. ಎರಡನ್ನೂ ಹೆಗಲಿಗೆ ಹಾಕಿಕೊಂಡು ಮಂಗಳವಾರ ಬೆಳಿಗ್ಗೆ ಬೆಳಂಬಾರದಲ್ಲಿ ಇಳಿದೆ.

‘ನಿಂಗೆ ಯಾವುದು ಬೇಕೋ ಆರಿಸ್ಕೊ ದೀಪಾ. ಉಳಿದದ್ದು ಸೂರಜನಿಗೆ.’

‘ಎರಡು ದಿನ ಎರಡೂ ನನ್ನ ಹತ್ರ ಇರ್ಲಿ ದಾದಾ. ಆಮೇಲೆ ಹೇಳ್ತೆ.’

ಒಂದು ಕ್ಯಾಮೆರಾ ಬೆಳ್ಳಿ ಬಣ್ಣದ್ದು, ತೆಳ್ಳಗೆ, ಅಂಗಿಯ ಕಿಸೆಯಲ್ಲಿ ಕೂರುವಂಥದ್ದು. ಇನ್ನೊಂದು ಕಪ್ಪು, ದಪ್ಪ, ನಾಲ್ಕು ಪೆನ್ಸಿಲ್ ಸೆಲ್ ನುಂಗುವ ಹೊಟ್ಟೆಬಾಕ. ಬಟನ್ ಒತ್ತಿದರೆ ಅದರ ಮೂತಿ ಮುಂದೆ ಚಾಚಿ ಹನ್ನೆರಡು ಪಟ್ಟು ದೂರದ್ದನ್ನು ಎಳೆದು ತರುತ್ತಿತ್ತು. ನಾನಾಗಿದ್ದರೆ ಚಂದ ಕಂಡದ್ದನ್ನು ಎತ್ತಿಕೊಳ್ಳುತ್ತಿದ್ದೆ. ದೀಪಾಲಿ ಹಾಗಲ್ಲ. ಒಂದು ನೋಟುಬುಕ್ಕು ತೆಗೆದು ನಡುವೆ ಗೆರೆ ಎಳೆದಳು. ಮಾವಶಿ ಅಂಗಳದಲ್ಲಿ ಶೆಟ್ಲಿ, ಅಂದರೆ ಸಿಗಡಿ, ಸುಲಿಯುತ್ತಿದ್ದಳು. ಬೆಳ್ಳಿಯದು ಆ ಶೆಟ್ಲಿಯ ಮೀಸೆಯನ್ನು ಒಂದೊಂದು ಎಳೆಯಾಗಿ ತೋರಿಸಿತು. ಕಪ್ಪು ಕ್ಯಾಮೆರಾಕ್ಕೆ ಅಷ್ಟು ಹತ್ತಿರ ಹೋದರೆ ಕಣ್ಣೇ ಮಂಜಾಗುತ್ತಿತ್ತು. ಅಡುಗೆಮನೆಯ ಕತ್ತಲಲ್ಲಿ ಮಾವಶಿಯ ಮುಖವನ್ನು ಬೆಳ್ಳಿಯದು ಫ್ಲ್ಯಾಶ್ ಇಲ್ಲದೆ ಹಿಡಿಯಿತು, ಕಪ್ಪಿನದು ಅಲುಗಿಸಿ ಇಬ್ಬರು ಮಾವಶಿಯರನ್ನು ಮಾಡಿತು. ಒಬ್ಬಳೇ ಸಾಕಾಗಿತ್ತು ನಮಗೆ.

ಆದರೆ ದಂಡೆಗೆ ಹೋದ ಮೇಲೆ ಲೆಕ್ಕ ತಿರುಗಿತು. ದೋಣಿಗಳು ಎದೆಮಟ್ಟದ ನೀರಿನಲ್ಲಿ ಲಂಗರು ಹಾಕಿ ನಿಲ್ಲುತ್ತವೆ. ಫೋಟೋಕ್ಕೆಂದು ಅವನ್ನು ಯಾರೂ ದಡಕ್ಕೆ ಎಳೆದು ತರುವುದಿಲ್ಲ. ಬೆಳ್ಳಿ ಕ್ಯಾಮೆರಾದಲ್ಲಿ ಅವು ತೆಂಗಿನ ಚಿಪ್ಪಿನಷ್ಟು ಕಂಡವು. ಕಪ್ಪಿನದರಲ್ಲಿ ನಂಬರು ಮಾತ್ರವಲ್ಲ, ಬಣ್ಣದ ಸಿಪ್ಪೆ ಎದ್ದದ್ದೂ ಕಂಡಿತು. ಬುಧವಾರ ಸಂಜೆ ಅವಳು ನೋಟುಬುಕ್ಕು ಮುಚ್ಚಿದಳು.

‘ಮದುವೆ ಮನೆಗೆ, ಹತ್ತಿರದ್ದಕ್ಕೆ ಬೆಳ್ಳೀದು ಒಳ್ಳೇದು ದಾದಾ. ಆದ್ರೆ ಈಗ ನಂಗೆ ದೋಣಿ ಬೇಕು. ಕರೀದು ಇಟ್ಕೊಳ್ತೆ.’

ಆ ಸಂಜೆ ಬಂಗಡೆ ಸಾರು ಉಣ್ಣುತ್ತ ನಾನು ನಾಲಿಗೆ ಬಿಟ್ಟೆ. ಸಮುದ್ರದ ಗಾಳಿಯ ಉಪ್ಪು ಕಬ್ಬಿಣವನ್ನು ಹೇಗೆ ತಿನ್ನುತ್ತದೆ, ನಾನು ಒಂದು ದಿನ ಎಣ್ಣೆ ಹಾಕದಿದ್ದರೆ ಇಡೀ ಹಡಗು ಹೇಗೆ ನಡುನೀರಿನಲ್ಲಿ ನಿಂತುಬಿಡುತ್ತದೆ ಎಂದೆಲ್ಲ ಹೇಳಿದೆ. ಕ್ಯಾಪ್ಟನ್ ನನ್ನನ್ನು ಕೇಳದೆ ಹಡಗು ಬಿಡುವುದಿಲ್ಲ ಎಂಬಲ್ಲಿವರೆಗೂ ಹೋದೆ. ಮಾವಶಿ ಬಡಿಸುತ್ತ ಒಂದೊಂದೇ ಮಾತನ್ನು ಕಿವಿಗೊಟ್ಟು ಕೇಳಿದಳು. ಅವಳಿಗೂ ಅದು ಗೊತ್ತಿದ್ದ ವಿಷಯವೇ. ಮೀನು ಕೊಯ್ಯುವ ಮೆಟ್ಟುಗತ್ತಿಗೆ ದಿನಾ ಬೆಳಿಗ್ಗೆ ಎಣ್ಣೆ ಸವರುತ್ತಾಳೆ. ಮೂವತ್ತು ವರ್ಷವಾದರೂ ಅದಕ್ಕೆ ತುಕ್ಕು ಹಿಡಿದಿಲ್ಲ.

ಗುರುವಾರ ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಮಾವಶಿ ಬುಟ್ಟಿ ಹೊತ್ತು ಪೇಟೆಗೆ ಹೋಗಿಯಾಗಿತ್ತು. ದೀಪಾಲಿ ಜಗಲಿಯಲ್ಲಿ ಕಪ್ಪು ಕ್ಯಾಮೆರಾ ಹಿಡಿದು ಕೂತಿದ್ದಳು. ಹತ್ತಿರ ಹೋದರೆ ಕೊಬ್ಬರಿ ಎಣ್ಣೆಯ ವಾಸನೆ. ಮಾವಶಿ ಮೆಟ್ಟುಗತ್ತಿಯ ಸರದಿ ಮುಗಿಸಿ ಕ್ಯಾಮೆರಾವನ್ನೂ ಕೈಗೆತ್ತಿಕೊಂಡಿದ್ದಳು. ಹಿಂದಿನ ದಿನ ಮಗಳು ತೋರಿಸಿದಂತೆ ಬಟನ್ ಒತ್ತಿ ಮೂತಿ ಹೊರಗೆ ತರಿಸಿ, ಸುತ್ತಲೂ, ಸಂದಿಗೆಲ್ಲ, ತಲೆಗೆ ಹಚ್ಚುವ ಒಳ್ಳೆಯ ಎಣ್ಣೆಯನ್ನೇ ಕುಡಿಸಿ, ಒಣಗಲಿ ಎಂದು ದಂಡೆಯ ಕಡೆಯ ಕಟ್ಟೆಯ ಮೇಲೆ ಇಟ್ಟು ಹೋಗಿದ್ದಳು. ಗಾಳಿಗೆ ಹಾರಿದ ಮರಳೆಲ್ಲ ಅದಕ್ಕೆ ಮೆತ್ತಿಕೊಂಡಿತ್ತು. ದೀಪಾಲಿ ಜೂಮ್ ಒತ್ತಿದಳು. ಒಳಗೆ ಕರಕರ ಎಂದು ಸದ್ದಾಯಿತು, ಅಷ್ಟೇ. ಮೂತಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. ‘ಈಗ್ಲೇ ಪೇಟೆಗೆ ಹೋಗ್ತೆ. ಮಾವಶಿಗೆ ಬುದ್ಧಿ ಅದೆಯೋ ಇಲ್ವೋ ಕೇಳ್ತೆ.’

‘ಕೂತ್ಕೊ ದಾದಾ.’ ಅವಳು ಅತ್ತಿದ್ದಳು, ಕಣ್ಣು ಕೆಂಪಗಿತ್ತು. ದನಿ ಮಾತ್ರ ಗಟ್ಟಿಯಾಗಿತ್ತು. ‘ಎಣ್ಣೆ ಪುರಾಣ ಹೇಳಿದ್ದು ಯಾರು?’

ನಾನು ಕೂತೆ. ಸ್ವಲ್ಪ ಹೊತ್ತಿಗೆ ಉಪಾಯ ಹೊಳೆಯಿತು. ಬೆಳ್ಳಿಯದನ್ನು ನೀನೇ ಇಟ್ಟುಕೊ, ಸೂರಜನಿಗೆ ನಾನು ಏನಾದರೂ ಸುಳ್ಳು ಹೇಳುತ್ತೇನೆ ಎಂದೆ.

‘ಬೇಡಾ. ಕರೀದು ಎಲ್ಲಿ ಹೋಯ್ತು ಅಂತ ಆಯಿ ಕೇಳ್ತದೆ. ಹಾಳಾಯ್ತು ಅಂದ್ರೆ ಹೇಂಗೆ ಅಂತ ಕೇಳ್ತದೆ. ತನ್ನ ಕೈಯಿಂದ ನನ್ನ ಕೆಲಸ ಹೋಯ್ತು ಅಂತ ಗೊತ್ತಾದ್ರೆ ಅದು ಜನ್ಮದಲ್ಲಿ ಮರೆಯೂದಿಲ್ಲ.’ ದುಪ್ಪಟ್ಟಾದ ತುದಿಯಿಂದ ಗಾಜು ಒರೆಸುತ್ತ ಅವಳು ಹೇಳಿದಳು. ‘ಮತ್ತೆ ಬೆಳ್ಳೀದು ತಕಂಡ್ರೂ ದಡದಿಂದ ದೋಣಿ ಸಿಕ್ಕೂದಿಲ್ಲ. ಹೇಂಗಿದ್ರೂ ನೀರಿಗೆ ಇಳೀಬೇಕು. ಇದ್ರಲ್ಲೇ ಇಳೀತೆ.’

ಸೆಲ್ ತೆಗೆದು ಮತ್ತೆ ಹಾಕಿದರೆ ಕ್ಯಾಮೆರಾ ಜೀವ ಹಿಡಿಯುತ್ತಿತ್ತು. ಮೂತಿ ನಿಂತಲ್ಲೇ ನಿಂತು, ಕಂಡಷ್ಟನ್ನು ತೆಗೆಯುತ್ತಿತ್ತು. ಹನ್ನೆರಡು ಪಟ್ಟು ದೂರ ನೋಡಲೆಂದು ಆರಿಸಿದ ಕ್ಯಾಮೆರಾ ಈಗ ನಮ್ಮ ಕಣ್ಣಿನಷ್ಟೂ ದೂರ ನೋಡುತ್ತಿರಲಿಲ್ಲ. ಅವಳು ಅದನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಮೂತಿಯ ಜಾಗಕ್ಕೆ ತೂತು ಮಾಡಿ, ತಲೆಯ ಮೇಲೆ ಎತ್ತಿ ಹಿಡಿದು ಚೂಡಿದಾರದಲ್ಲೇ ನೀರಿಗಿಳಿದಳು. ದೇಶ ವಿದೇಶ ಸುತ್ತಿದ ನಾನು ಅವಳ ಚಪ್ಪಲಿ ಮತ್ತು ಒಂದು ಟವೆಲು ಹಿಡಿದು ಹಿಂದೆ ಹೋದೆ.

ಮೊದಲ ದಿನದ ಹನ್ನೊಂದು ಫೋಟೋ ಪೂರ್ತಿ ದಂಡ. ಬೆಳಿಗ್ಗೆ ಮೀನು ತುಂಬಿ ಬಂದ ದೋಣಿಗಳು ಭಾರಕ್ಕೆ ತಗ್ಗಿ ನಂಬರಿನ ಕೆಳಗಿನ ಅರ್ಧ ನೀರಿನಲ್ಲಿತ್ತು, ಮೇಲಿನ ಅರ್ಧದ ಮೇಲೆ ಬಲೆ ಇಳಿಬಿದ್ದಿತ್ತು. ದಡದಿಂದ ಜನ ನಗುತ್ತಿದ್ದರು. ‘ಮೀನು ಮಾರೂ ಹುಡುಗಿ ಮೀನಿನ ಹಾಂಗೆ ಈಜ್ತದೆ’ ಎಂದು ಒಬ್ಬ ಕೂಗಿದ. ಅವನಿಗೆ ಎರಡು ಬಿಗಿಯಲು ಹೊರಟ ನನ್ನನ್ನು ದೀಪಾಲಿ ತಿರುಗಿಯೂ ನೋಡದೆ, ‘ಟವೆಲು ಒದ್ದೆ ಮಾಡ್ಬೇಡ’ ಎಂದು ತಡೆದಳು.

ಶುಕ್ರವಾರ ಅವಳೇ ಕಾಯ್ದೆ ಮಾಡಿದಳು. ಮೀನು ಇಳಿಸಿ ದೋಣಿ ಹಗುರಾದ ಮೇಲೆಯೇ ಫೋಟೋ. ಬಲೆ ಆಚೆ ಬದಿಗೆ ಹೋಗಬೇಕು. ಹಿಂದೆ ಸರಿದರೆ ದೋಣಿ ಸಣ್ಣದಾಗಿ ನಂಬರು ಅಳಿಸುತ್ತದೆ, ಮುಂದೆ ಹೋದರೆ ದೋಣಿ ಬಾಗಿದಂತೆ ಕಾಣುತ್ತದೆ. ನೀರಿನೊಳಗೆ ಹದಿನಾಲ್ಕು ಹೆಜ್ಜೆ ಎಂದು ಅವಳ ಕಾಲಿಗೆ ಅಂದಾಜು ಸಿಕ್ಕಿತು. ಮಾಲಿಕ ಮೂತಿಯ ಹತ್ತಿರ, ನಂಬರಿನ ಮೇಲೆಯೇ ನಿಲ್ಲಬೇಕು. ‘ಬೊಗ್ಗಬೇಡ್ರಿ ಕಾಕಾ, ನೇರ ನಿಂತ್ಕೊಳ್ಳಿ, ದೋಣಿ ನಿಮ್ದೇ ಅಲ್ದಾ’ ಎಂದು ಎದೆಮಟ್ಟದ ನೀರಿನಿಂದ ಅವಳು ಹೇಳಿದರೆ, ದೊಡ್ಡ ದೊಡ್ಡ ಗಂಡಸರು ಶಾಲೆಯ ಮಕ್ಕಳ ಹಾಗೆ ನೆಟ್ಟಗಾಗುತ್ತಿದ್ದರು. ಬೆಳಗಿನ ಬಿಸಿಲು ಅವಳ ಬೆನ್ನ ಹಿಂದಿನಿಂದ ಬಂದು ಅವರ ಮುಖದ ಮೇಲೆ ಬೀಳುತ್ತಿತ್ತು. ಶುಕ್ರವಾರ ಇಪ್ಪತ್ತು, ಶನಿವಾರ ಹತ್ತೊಂಬತ್ತು, ತೆರೆ ಹೊಡೆದು ಅಲುಗಿಹೋದ ಇನ್ನು ಮೂರನ್ನು ಭಾನುವಾರ ಮತ್ತೆ ತೆಗೆದಳು. ಕಾಲಿನ ಚರ್ಮ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಶನಿವಾರ ಸಂಜೆ ಜ್ವರ ಬಂದದ್ದನ್ನು ಅವಳು ಹೇಳಲಿಲ್ಲ, ಮಾವಶಿ ಹಣೆ ಮುಟ್ಟಿ ಕಂಡುಹಿಡಿದಳು.

‘ಅಷ್ಟು ದೂರದ್ದು ಎಳೀತದೆ ಅಂದಿದ್ಯಲ್ಲ ಆ ಕ್ಯಾಮೆರಾ. ಮತ್ತೆ ನೀರಿಗೆ ಎಂತಕ್ಕೆ ಇಳೂದು?’ ಎಂದು ಮಾವಶಿ ಕೇಳಿದಳು.

‘ಹತ್ತಿರ ಹೋದ್ರೆ ಇನ್ನೂ ಚಲೋ ಬರ್ತದೆ ಆಯಿ’ ಅಂದಳು ದೀಪಾಲಿ. ನಾನು ಗೋಡೆಯ ಮೇಲಿನ ಹಲ್ಲಿ ನೋಡುತ್ತ ಕೂತಿದ್ದೆ.

ಭಾನುವಾರ ಮಧ್ಯಾಹ್ನ ಕಾರವಾರಕ್ಕೆ ಹೋಗಿ ಪ್ರಿಂಟ್ ಹಾಕಿಸಿ, ಸೋಮವಾರ ಬೆಳಿಗ್ಗೆ ದತ್ತಾ ಕಾಕಾರ ಮೇಜಿನ ಮೇಲೆ ಇಟ್ಟೆವು. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಎಲ್ಲ ಫೋಟೋಗಳ ಬಲ ಮೂಲೆಯಲ್ಲಿ ಎಣ್ಣೆಯ ಒಂದು ಸಣ್ಣ ಮಬ್ಬು ಇತ್ತು, ಅವರು ಅದನ್ನು ಸಮುದ್ರದ ಹಬೆ ಎಂದುಕೊಂಡರು. ನಾವು ತಿದ್ದಲಿಲ್ಲ. ಇಡೀ ದೋಣಿ, ನಂಬರು, ಅದರ ಮೇಲೆ ಮಾಲಿಕ, ಅವನ ಹಣೆಯ ಗಾಯದ ಗುರುತು ಕೂಡ ಒಂದೇ ಫೋಟೋದಲ್ಲಿ ಇತ್ತು.

‘ಮುಖದ ಫೋಟೋ ಬೇರೆ ಬೇಡಾ ಹಾಂಗಾರೆ’ ಎಂದರು ದತ್ತಾ ಕಾಕಾ. ಆಮೇಲೆ ಕನ್ನಡಕ ತೆಗೆದು, ‘ನಿನ್ನ ಅಪ್ಪ ಇದ್ದಿದ್ರೆ ನೋಡ್ತಿದ್ದ’ ಎಂದರು. ದೀಪಾಲಿ ತಲೆ ಬಗ್ಗಿಸಿದಳು. ದಡದಿಂದ ಜೂಮ್ ಮಾಡಿ ತೆಗೆದಿದ್ದರೆ ಆ ಫೋಟೋಗಳಲ್ಲಿ ನಂಬರುಗಳಿರುತ್ತಿದ್ದವು, ಆ ಮನುಷ್ಯರು ಇರುತ್ತಿರಲಿಲ್ಲ. ಇದನ್ನು ನಾನು ಅವಳ ಎದುರಿಗೆ ಒಪ್ಪಿಕೊಂಡಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ಕಪ್ಪು ಕ್ಯಾಮೆರಾದಲ್ಲೇ ಅವಳು ಎರಡು ವರ್ಷ ದುಡಿದಳು. ಅಗಸೂರಿನ ಮದುವೆಗೂ ಅದೇ, ಅಂಕೋಲೆಯ ಶಾಲೆಯ ಗ್ಯಾದರಿಂಗಿಗೂ ಅದೇ. ದೂರದ್ದು ಬೇಕಾದರೆ ನಡೆದುಹೋದಳು, ಎತ್ತರದ್ದು ಬೇಕಾದರೆ ಏಣಿ ಹತ್ತಿದಳು. ಮಂಟಪದ ಒಳಗೇ ನುಗ್ಗುತ್ತಾಳೆ ಎಂದು ಒಬ್ಬ ಭಟ್ಟರು ಬೈದರಂತೆ. ಬೈದವರೇ ಆಮೇಲೆ ತಮ್ಮ ಮಗಳ ಮದುವೆಗೆ ಅವಳನ್ನು ಕರೆದರು.

ಕಳೆದ ತಿಂಗಳು ನಾನು ರಜೆಗೆ ಬಂದಾಗ ಅವಳು ಲೆನ್ಸ್ ಬದಲಿಸುವಂಥ ದೊಡ್ಡ ಕ್ಯಾಮೆರಾ ತಂದಿದ್ದಳು. ಈಗ ಮೀನು ಪೇಟೆಯ ಎದುರಿಗೆ ಅವಳದೇ ಸ್ಟುಡಿಯೋ ಇದೆ, ಬಾಗಿಲ ಮೇಲೆ ‘ಹೀರಾ’ ಎಂಬ ಬೋರ್ಡು. ಹೊಸ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಬರುವುದೇ ತಡ, ಮಾವಶಿ ಎಣ್ಣೆಯ ಬಾಟಲಿ ಮತ್ತು ಒಂದು ಚಿಂದಿ ಬಟ್ಟೆ ಹಿಡಿದು ಬಂದು ನಿಂತಳು.

ದೀಪಾಲಿ ಒಂದು ಕೈಯಿಂದ ಹೊಸದನ್ನು ಬೆನ್ನ ಹಿಂದೆ ಸರಿಸಿ, ಇನ್ನೊಂದು ಕೈಯಿಂದ ಕಪಾಟಿನ ಹಳೆಯ ಕಪ್ಪು ಕ್ಯಾಮೆರಾ ತೆಗೆದು ಕೊಟ್ಟಳು. ‘ಹೊಸದಕ್ಕೆ ಒಂದು ವರ್ಷ ಗ್ಯಾರಂಟಿ ಅದೆ ಆಯಿ. ಇದಕ್ಕೆ ಹಚ್ಚು.’

ಮಾವಶಿ ನೆಲದ ಮೇಲೆ ಕಾಲು ಚಾಚಿ ಕೂತು, ಮೆಟ್ಟುಗತ್ತಿಗೆ ಸವರುವಷ್ಟೇ ಜೋಪಾನದಿಂದ ಆ ನಿಂತುಹೋದ ಮೂತಿಗೆ ಎಣ್ಣೆ ಹಚ್ಚತೊಡಗಿದಳು.

‘ತಂದವ ನೀನು ಹೌದು ರೂಪೇಶಾ’ ಎಂದಳು, ‘ಆದ್ರೆ ಇಷ್ಟು ದಿನ ಇದು ಉಳಿದದ್ದು ಯಾರಿಂದ ಹೇಳು ನೋಡ್ವಾ.’

ದೀಪಾಲಿ ನನ್ನನ್ನೇ ನೋಡುತ್ತಿದ್ದಳು.

‘ನಿನ್ನಿಂದ್ಲೇ ಮಾವಶಿ’ ಅಂದೆ.