ನಕ್ಷತ್ರ ಕಟ್ಟದ ಮನೆ

ಪ್ರೇಮಕ್ಕನ ಗಂಡ ಜೀವರತ್ನ ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರನಾಗಿದ್ದ. ಮರೆವಿನ ರೋಗ ಹಿಡಿದ ಮೇಲೆ ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ಮಳೆಗಾಲದ ಒಂದು ಬೆಳಿಗ್ಗೆ ಪ್ರೇಮಕ್ಕ ನೀರು ಹಿಡಿಯಲು ಕೆಳಗಿಳಿದಿದ್ದಾಗ, ಆತ ಹಳೆಯ ಯೂನಿಫಾರಂ ತೊಟ್ಟು ಡ್ಯೂಟಿಗೆ ಹೊರಟುಹೋದ. ಯಾವ ಗೇಟಿಗೆ ಹೋದನೋ ಯಾರಿಗೂ ತಿಳಿಯಲಿಲ್ಲ.

ಅಂದಿನಿಂದ ಪ್ರೇಮಕ್ಕನಿಗೆ ಗೇಟುಗಳನ್ನು ಸುತ್ತುವುದೇ ಕೆಲಸವಾಯಿತು. ಪುಲಿಕೇಶಿನಗರದ ಒಂದು ಮನೆಯಲ್ಲಿ ಅಡುಗೆ ಮುಗಿಸಿ, ಬ್ಯಾಗಿನಲ್ಲಿ ಫೋಟೊ ಇಟ್ಟುಕೊಂಡು ಹಲಸೂರು, ಮಹದೇವಪುರ ಎಂದು ಹೊರಡುತ್ತಿದ್ದಳು. ಇಡೀ ಆಯುಷ್ಯ ಗೇಟಿನಲ್ಲಿ ನಿಂತವನು ಎಲ್ಲಿಗೆ ಹೋದರೂ ಒಂದು ಗೇಟಿನ ಪಕ್ಕವೇ ನಿಂತಿರುತ್ತಾನೆಂದು ಅವಳ ನಂಬಿಕೆ. ದೀಪಾವಳಿಯ ಹೊತ್ತಿಗೆ ಪೊಲೀಸರು ಕರೆಸಿ, ಶಿವಾಜಿನಗರದ ಶವಾಗಾರದಲ್ಲಿ ಕೆರೆಯಿಂದ ತೆಗೆದ ಒಂದು ಹೆಣ ತೋರಿಸಿದರು. ಮುಖ ಉಳಿದಿರಲಿಲ್ಲ.

‘ಇವರಲ್ಲ’ ಎಂದಳು ಪ್ರೇಮಕ್ಕ.

ಜೊತೆಗಿದ್ದ ಮಗಳು ಶೀಬಾ ಆ ಹೆಣದ ಕಾಲಿನ ಬೆರಳುಗಳನ್ನೇ ನೋಡುತ್ತಿದ್ದಳು. ಮನೆಗೆ ಬಂದ ಮೇಲೂ ತಾಯಿ ಮಗಳು ಆ ಮಾತು ಎತ್ತಲಿಲ್ಲ.

ಬೀದರಿನ ಕಡೆಯಿಂದ ದುಡಿಯಲು ಬಂದ ಪ್ರೇಮಕ್ಕನವರಂಥ ಕ್ರೈಸ್ತ ಕುಟುಂಬಗಳು ಬೈಯಪ್ಪನಹಳ್ಳಿಯ ರೈಲು ಹಳಿಯ ಪಕ್ಕದ ಬಾಡಿಗೆ ಕೋಣೆಗಳಲ್ಲಿ ಸಾಕಷ್ಟಿವೆ. ಡಿಸೆಂಬರ್ ಬಂತೆಂದರೆ ಅವರ ಬಾಗಿಲುಗಳ ಮೇಲೆ ದೀಪವಿಟ್ಟ ಕಾಗದದ ನಕ್ಷತ್ರಗಳು ಬೆಳಗುತ್ತವೆ. ಚರ್ಚಿನ ಸಭೆಯ ಹಾಡಿನ ತಂಡ ಡೋಲು, ತಾಳ ಹಿಡಿದು ಮನೆಮನೆಗೆ ಬರುತ್ತದೆ. ಆ ವರ್ಷ ಸಾವಾದ ಮನೆಯವರು ಮಾತ್ರ ನಕ್ಷತ್ರ ಕಟ್ಟುವುದಿಲ್ಲ. ಅಂಥ ಬಾಗಿಲಿನ ಮುಂದೆ ಡೋಲು ನಿಲ್ಲುತ್ತದೆ. ತಂಡದವರು ಚಪ್ಪಲಿ ಬಿಟ್ಟು ಮೆಲ್ಲಗೆ ಒಳಬಂದು, ಒಂದೇ ಹಾಡು ಹಾಡಿ, ಅಗಲಿದವರನ್ನು ನೆನೆದು ಪ್ರಾರ್ಥಿಸಿ, ತಿಂಡಿ ಮುಟ್ಟದೆ ಎದ್ದುಹೋಗುತ್ತಾರೆ.

ಪ್ರೇಮಕ್ಕನ ಮನೆಯಲ್ಲಿ ನಕ್ಷತ್ರ ಕಟ್ಟುವುದು ಜೀವರತ್ನನ ಕೆಲಸವಾಗಿತ್ತು. ಸ್ಟೂಲಿನ ಮೇಲೆ ನಿಂತು, ‘ಇನ್ನೂ ಮ್ಯಾಲ ಕಟ್ಟಲೇನು? ರೈಲಿನ ಡ್ರೈವರಗೂ ಕಾಣಬೇಕು’ ಎನ್ನುತ್ತಿದ್ದ. ‘ಸಿಗ್ನಲ್ ಅಂತ ತಿಳಕೊಂಡು ರೈಲು ನಮ್ಮ ಮನ್ಯಾಗ ಬರ್ತದ, ಇಳೀರಿ ಸಾಕು’ ಎಂದು ಅವಳು ಸ್ಟೂಲು ಹಿಡಿದುಕೊಳ್ಳುತ್ತಿದ್ದಳು. ಈ ವರ್ಷ ಆ ಸ್ಟೂಲಿನ ಮೇಲೆ ತಾನು ಹತ್ತಲು ಅವಳಿಗೆ ಆಗಲಿಲ್ಲ. ಶೀಬಾ ಹತ್ತುತ್ತೇನೆಂದರೂ ಬೇಡವೆಂದಳು. ಇಷ್ಟೇ ನಡೆದದ್ದು. ಕಟ್ಟದಿದ್ದರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಹಾಡಿನವರು ಬಂದ ಸಂಜೆ ಪಕ್ಕದ ಕೋಣೆಯ ಹಮೀದಾ ಬಾಗಿಲಲ್ಲಿ ಇಣುಕಿ, ‘ಅಕ್ಕಾ, ನಿಮ್ಮೋರು ಬಂದವ್ರೆ. ಡೋಲ್ ಬಾರ್ಸೋನಿಗೆ ಕೈ ನೋವಾ? ಇಷ್ಟು ಸುಮ್ಗೆ ಬರ್ತಾವ್ರೆ’ ಎಂದಳು.

ಪ್ರೇಮಕ್ಕ ಚಾಪೆ ಹಾಸಿದಳು. ಅವರು ಚಪ್ಪಲಿ ಬಿಟ್ಟು ಒಬ್ಬೊಬ್ಬರಾಗಿ ಒಳಬಂದರು. ತಂಡದಲ್ಲಿ ಶೀಬಾಳೂ ಇದ್ದಳು. ಹಾಡು ಶುರುವಾಯಿತು. ಅದು ಕ್ರಿಸ್‌ಮಸ್ ಹಾಡಾಗಿರಲಿಲ್ಲ, ಮಣ್ಣು ಕೊಟ್ಟು ಬಂದ ಮನೆಯಲ್ಲಿ ಹಾಡುವ ಹಾಡು. ಪ್ರೇಮಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಪಾಸ್ಟರು ಕಣ್ಣು ಮುಚ್ಚಿ, ‘ನಿನ್ನ ಬಳಿಗೆ ಕರೆಸಿಕೊಂಡ ನಮ್ಮ ಸಹೋದರ ಜೀವರತ್ನನ...’ ಎಂದು ಆರಂಭಿಸಿದರು.

‘ಯಾರು ಸತ್ತಾರ ಅಂತ ಈ ಪ್ರಾರ್ಥನಾ, ಅಯ್ಯನೋರೇ?’

ಪಾಸ್ಟರು ಕಣ್ಣು ತೆರೆದರು. ‘ನಕ್ಷತ್ರ ಕಟ್ಟಿರಲಿಲ್ಲ, ಪ್ರೇಮಕ್ಕ. ಅದಕ್ಕೆ ನಾವು...’

‘ಅವರು ಕಟ್ಟತಿದ್ದರು. ಅವರಿಲ್ಲ, ಕಟ್ಟಿಲ್ಲ. ಸತ್ತಾರಂತ ನಾ ಯಾವಾಗ ಹೇಳಿದೆ?’ ಅವಳು ಮಗಳತ್ತ ತಿರುಗಿದಳು. ‘ನೀನೂ ಬಾಯಿ ಬಿಡಲಿಲ್ಲೇನು?’

‘ಏನಂತ ಬಿಡ್ಲಿ ಅಮ್ಮ? ಇದಾರೆ ಅಂತಾನಾ, ಇಲ್ಲ ಅಂತಾನಾ? ನಂಗೂ ಗೊತ್ತಿಲ್ಲ’ ಎಂದಳು ಶೀಬಾ. ‘ಆ ಕಾಲು ಅಪ್ಪಂದೇ ಅನ್ಸುತ್ತೆ ಒಂದೊಂದ್ಸಲ.’

ಸತ್ತವರಿಗೊಂದು ಪ್ರಾರ್ಥನೆ ಇತ್ತು, ಹಬ್ಬದ ಮನೆಗೊಂದು ಪ್ರಾರ್ಥನೆ ಇತ್ತು. ಎರಡರ ನಡುವೆ ಸಿಕ್ಕಿಕೊಂಡ ಈ ಮನೆಗೆ ಪಾಸ್ಟರ ಬಳಿ ಯಾವುದೂ ಇರಲಿಲ್ಲ.

‘ತಪ್ಪಾಯ್ತು, ಪ್ರೇಮಕ್ಕ. ಏನಂತ ಪ್ರಾರ್ಥಿಸಲಿ, ನೀವೇ ಹೇಳಿ.’

‘ಏನೂ ಬ್ಯಾಡ್ರಿ. ಬಂದೀರಿ, ಕೂಡ್ರಿ.’

ಪಾಸ್ಟರು ಚಾಪೆಯ ಮೇಲೆ ಕುಳಿತರು. ಉಳಿದವರೂ ಗೋಡೆಗೆ ಒರಗಿ ಕುಳಿತರು. ಡೋಲಿನವನು ಡೋಲನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡ. ಹಮೀದಾ ಚಹಾ ಮಾಡಿ ತಂದಳು. ಸಾವಿನ ಮನೆಯಲ್ಲಿ ಏನೂ ಮುಟ್ಟಬಾರದೆಂಬುದನ್ನು ಮರೆತೋ ಮೀರಿಯೋ ಎಲ್ಲರೂ ಕುಡಿದರು. ಪ್ರೇಮಕ್ಕ ಮೊದಲ ಸಲ ಗಟ್ಟಿಯಾಗಿ ಅತ್ತಳು. ಯಾರೂ ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಆ ಸಂಜೆ ಅವರು ಹೋಗಬೇಕಿದ್ದ ಇನ್ನಷ್ಟು ಮನೆಗಳು ಕಾಯುತ್ತಲೇ ಉಳಿದವು.

ಕ್ರಿಸ್‌ಮಸ್ ಬೆಳಿಗ್ಗೆ ಪ್ರೇಮಕ್ಕ ಹಳೆಯ ಸೀರೆಯುಟ್ಟು ಆರಾಧನೆಗೆ ಹೋದಳು. ಅವಳಿಗೆ ಈ ಹಬ್ಬವೆಂದರೆ ಇಷ್ಟು ವರ್ಷವೂ ಹೊಸ ಸೀರೆ, ಬಿರಿಯಾನಿ, ಊರಿಗೆ ಫೋನು. ದನದ ಕೊಟ್ಟಿಗೆಯ ಗೋದಲಿಯಲ್ಲಿ ಮಲಗಿದ ಮಗುವಿನ ಕಥೆ ಕಿವಿಗೆ ಬೀಳುತ್ತಿತ್ತು, ಅಷ್ಟೇ. ಈ ಸಲ ಅದನ್ನು ಕೇಳುತ್ತ ಅವಳಿಗೆ ಬೇರೆಯದೇ ಕಂಡಿತು. ಆ ಮಗು ಬಂದಮಾತ್ರಕ್ಕೆ ಊರಿನ ಹಸುಗೂಸುಗಳನ್ನೆಲ್ಲ ಕೊಲ್ಲಿಸಿದ ರಾಜ ಹೆರೋದನ ಕತ್ತಿ ನಿಂತಿರಲಿಲ್ಲ. ಬೆತ್ಲೆಹೇಮಿನ ತಾಯಂದಿರು ಕಳೆದುಕೊಂಡ ಮಕ್ಕಳು ತಿರುಗಿ ಬಂದಿರಲಿಲ್ಲ. ದೇವರು ಯಾವುದನ್ನೂ ಸರಿಪಡಿಸದೆ, ಹುಲ್ಲಿನ ಮೇಲೆ, ದನಗಳ ಉಸಿರಿನ ನಡುವೆ ಬಂದು ಇದ್ದುಬಿಟ್ಟಿದ್ದ. ಬಂದದ್ದು, ಅಷ್ಟೇ. ಅದು ಸಾಕೋ ಸಾಲದೋ ಅವಳಿಗೆ ತಿಳಿಯಲಿಲ್ಲ. ಸಾಲದೆಂದೇ ಅನ್ನಿಸಿತು. ಆದರೂ ಬಂದವನನ್ನು ಹೋಗೆನ್ನಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಡಬ್ಬಿಯಲ್ಲಿ ಬಿರಿಯಾನಿ ತುಂಬಿಕೊಂಡು ತಾಯಿ ಮಗಳು ಕೆ.ಆರ್. ಪುರದಾಚೆಯ ಒಂದು ನಿರಾಶ್ರಿತರ ಆಶ್ರಮಕ್ಕೆ ಹೋದರು. ಪ್ರೇಮಕ್ಕ ಅಲ್ಲಿಗೆ ಮೊದಲೂ ಹಲವು ಸಲ ಹೋಗಿದ್ದಳು. ಸಾಲಾಗಿ ಮಲಗಿದವರ ಮುಖ ನೋಡುವುದು, ಇವರಲ್ಲ, ಇವರಲ್ಲ ಎನ್ನುತ್ತ ಬಾಗಿಲು ದಾಟುವುದು. ಅಂದೂ ಜೀವರತ್ನ ಅಲ್ಲಿರಲಿಲ್ಲ. ಹೊಸದಾಗಿ ಸೇರಿದವರ ಕೋಣೆಯಲ್ಲೂ ಇರಲಿಲ್ಲ.

ಕೊನೆಯ ಮಂಚದ ಮುದುಕ ಅವಳ ಸೆರಗು ಹಿಡಿದ. ‘ನನ್ನ ಹುಡುಕ್ಕೊಂಡು ಯಾರಾದ್ರೂ ಬಂದ್ರಾ?’

ಈ ಪ್ರಶ್ನೆ ಅವನು ಹಿಂದೆಯೂ ಕೇಳಿದ್ದ. ಆಗೆಲ್ಲ ಅವಳು ಸೆರಗು ಬಿಡಿಸಿಕೊಂಡು ಮುಂದೆ ಹೋಗಿದ್ದಳು. ಇಂದು ಮಂಚದ ತುದಿಯಲ್ಲಿ ಕುಳಿತಳು.

‘ಬಂದೀವಲ್ಲ.’

‘ಕರ್ಕೊಂಡು ಹೋಗ್ತೀರಾ?’

‘ಇಲ್ಲ. ಒಯ್ಯಾಕ ಆಗಂಗಿಲ್ಲ. ಕತ್ತಲಾಗೋತನ ಇಲ್ಲೇ ಕೂಡತೀವಿ.’

ಅವಳು ಡಬ್ಬಿ ತೆರೆದು ತುತ್ತು ಮಾಡಿ ಬಾಯಿಗಿಟ್ಟಳು. ಅರ್ಧ ಒಳಗೆ ಹೋಯಿತು, ಅರ್ಧ ಗಡ್ಡದ ಮೇಲೆ ಉಳಿಯಿತು. ಶೀಬಾ ಕರವಸ್ತ್ರ ತೆಗೆದು ಒರೆಸಿದಳು. ಸ್ವಲ್ಪ ಹೊತ್ತಿಗೆ ಮುದುಕ ಎಲ್ಲ ಮರೆತು, ಹುಡುಕಿಕೊಂಡು ಯಾರಾದರೂ ಬಂದರಾ ಎಂದು ಮತ್ತೆ ಕೇಳಿದ. ಪ್ರೇಮಕ್ಕ ಇನ್ನೊಂದು ತುತ್ತು ಮಾಡುತ್ತಿದ್ದಳು.

‘ಬಂದಿದೀವಿ ತಾತ’ ಎಂದಳು ಶೀಬಾ.