ಸುಶಿ ತಟ್ಟೆಯಲ್ಲಿ ಅಪ್ಪನ ಪಾಲು

ಕಳೆದ ಭಾನುವಾರ ಇಂದಿರಾನಗರದ ಒಂದು ಸುಶಿ ಹೋಟೆಲ್ಲಿನಲ್ಲಿ ನಾನು ನಮ್ಮಪ್ಪನ ಊಟ ಎತ್ತಿಸಿಬಿಟ್ಟೆ. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿದೆ.

ಗಾಬರಿಯಾಗಬೇಡಿ, ಹೇಳುತ್ತೇನೆ.

ಅಪ್ಪ ಹೋದ ಮೇಲೆ ಅಮ್ಮ ಹೊಸ ತಿಪ್ಪಸಂದ್ರದ ನಮ್ಮ ಮನೆಯಿಂದ ತರಕಾರಿ ಅಂಗಡಿಯಾಚೆ ಕಾಲಿಟ್ಟವಳಲ್ಲ. ದಿನಾ ಮಾಡಿದ್ದರಲ್ಲಿ ಮೊದಲ ತುತ್ತು ಅಪ್ಪನಿಗೆ. ತಾರಸಿ ಗೋಡೆಯ ಮೇಲೆ ಕಾಗೆಗೆ ಇಟ್ಟು ಬಂದ ಮೇಲೇ ಅವಳ ಊಟ. ಒಂದು ದಿನ ನೂಡಲ್ಸ್ ಕೂಡ ಇಟ್ಟಿದ್ದಳು. (ಕಾಗೆ ತಕರಾರು ಮಾಡಲಿಲ್ಲ.)

ನನ್ನ ಹುಟ್ಟುಹಬ್ಬ ಬಂತು. ಈ ನೆಪದಲ್ಲಾದರೂ ಅಮ್ಮ ನಾಲ್ಕು ಜನರ ಮುಖ ನೋಡಲಿ ಅಂತ ನನ್ನಾಸೆ. ಜಪಾನಿನವರ ಸುಶಿ ತಿನ್ನೋಣ ಬಾ ಅಂತ ಕರೆದೆ.

"ಹಸಿ ಮೀನು ತಿನ್ನೋ ಅಷ್ಟು ಗತಿಗೆಟ್ಟಿದೀವೇನೇ?" ಎಂದಳು.

"ಬೇಯ್ಸಿರೋ ಸೀಗಡಿದೂ ಇರತ್ತಮ್ಮ. ನಂಗೋಸ್ಕರ ಬಾ."

ಸೀಗಡಿ ಅಂದದ್ದೇ ಅಮ್ಮ ಮೆತ್ತಗಾದಳು. ಶಿವಾಜಿನಗರದ ಮಾರ್ಕೆಟ್ಟಿನಿಂದ ಸೀಗಡಿ ತಂದು, ಸಿಂಕಿನ ಮುಂದೆ ನಿಂತು ತಾವೇ ಸುಲಿದು ಕೊಡುತ್ತಿದ್ದ ಮನುಷ್ಯ ನಮ್ಮಪ್ಪ.

ಸುಶಿ ಬಂತು. ಪುಟ್ಟ ಪುಟ್ಟ ಅನ್ನದ ಉಂಡೆ, ಮೇಲೊಂದೊಂದು ಸೀಗಡಿ. ಅಮ್ಮ ತನ್ನ ತಟ್ಟೆ ನೋಡಿದಳು. ಎಲ್ಲಕ್ಕಿಂತ ದಪ್ಪಗಿದ್ದದ್ದನ್ನು ಆರಿಸಿ ಚಿಕ್ಕ ಬಟ್ಟಲಿಗೆ ಎತ್ತಿಟ್ಟಳು. ಕೈಮುಗಿದು ಕಣ್ಣು ಮುಚ್ಚಿದಳು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲರೂ ನೋಡುತ್ತಾರಲ್ಲ!

ಯಾರು ನೋಡುತ್ತಿದ್ದರು ಸ್ವಾಮಿ? ಪಕ್ಕದ ಟೇಬಲ್ಲಿನವರು ಸೂಪಿನ ಫೋಟೋ ತೆಗೆಯುವುದರಲ್ಲಿದ್ದರು. ಮೇಲಿಂದ ಒಂದು, ಪಕ್ಕದಿಂದ ಎರಡು. ಸೂಪು ಆರಿ ತಣ್ಣಗಾದರೂ ಚಿಂತೆಯಿಲ್ಲ, ಮೊದಲ ತುತ್ತು ಫೋನಿಗೆ! ಅದಕ್ಕೆ ಅಲ್ಲಿ ಯಾರಿಗೂ ನಾಚಿಕೆಯಿರಲಿಲ್ಲ. ಸತ್ತ ಗಂಡನಿಗೆ ಒಂದು ತುತ್ತು ಇಟ್ಟರೆ ನನಗೆ ನಾಚಿಕೆ.

ಬಡಿಸುತ್ತಿದ್ದವರು ಮಣಿಪುರದ ಹೆಣ್ಣುಮಗಳು. ಕೆ.ಆರ್. ಪುರದಲ್ಲಿ ಏಳು ವರ್ಷದಿಂದ ಇದ್ದಾರಂತೆ, ಕನ್ನಡ ಸಲೀಸು. ಬಟ್ಟಲು ನೋಡಿ, "ಇದು ಚೆನ್ನಾಗಿಲ್ವಾ ಮೇಡಂ?" ಎಂದು ಮೆಲ್ಲಗೆ ಕೇಳಿದರು.

"ಅವರಿಗೆ ಬೇಡ್ವಂತೆ, ತಗೊಂಡ್ಹೋಗಿ" ಎಂದುಬಿಟ್ಟೆ.

ಅಮ್ಮ ಕಣ್ಣು ಬಿಟ್ಟಳು. ಬಟ್ಟಲಿಲ್ಲ.

"ಎಲ್ಲೇ?"

"ತೆಗೆಸ್ದೆ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ನೀನು ತಿನ್ನು, ನಿನ್ನ ಹುಟ್ಟುಹಬ್ಬ. ನಿಮ್ಮಪ್ಪಂಗೆ ಕೊಡ್ದೆ ನಂಗೆ ಗಂಟಲಲ್ಲಿ ಇಳಿಯಲ್ಲ" ಎಂದಳು.

ಥೂ, ನನ್ನ ಜನ್ಮಕ್ಕಿಷ್ಟು! ಎದ್ದು ಅಡುಗೆಮನೆ ಬಾಗಿಲಿಗೆ ಓಡಿದೆ. ಅದಾಗಲೇ ಕಸಕ್ಕೆ ಬಿದ್ದಿತ್ತು. ಆ ಹೆಣ್ಣುಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರ ಮುಖ ಸಣ್ಣಗಾಯಿತು. "ಅಯ್ಯೋ, ನಂಗೆ ಗೊತ್ತಾಗ್ಲಿಲ್ಲ ಮೇಡಂ. ನಮ್ಮನೇಲೂ ಅಜ್ಜಂಗೆ ಇಡ್ತೀವಿ."

ಐದೇ ನಿಮಿಷ. ಬಿಸಿ ಸೀಗಡಿಯ ಹೊಸ ಸುಶಿ ತಂದರು. ಜೊತೆಗೆ ತಟ್ಟೆ, ಒಂದು ಕಪ್ ಟೀ, ಚಾಪ್‌ಸ್ಟಿಕ್ಸ್. ಅಮ್ಮನ ಪಕ್ಕದ ಖಾಲಿ ಕುರ್ಚಿಯ ಮುಂದೆ ಎಲ್ಲವನ್ನೂ ಗಿರಾಕಿಗೆ ಜೋಡಿಸುವ ಹಾಗೆ ಜೋಡಿಸಿದರು.

ಅಮ್ಮ ಚಾಪ್‌ಸ್ಟಿಕ್ಸ್ ಎತ್ತಿ ಪಕ್ಕಕ್ಕಿಟ್ಟಳು. "ಇವೆಲ್ಲ ಅವರಿಗಾಗಲ್ಲ ತಾಯಿ, ಕೈಯಲ್ಲೇ ತಿಂತಾರೆ."

ಮೂವರೂ ನಕ್ಕೆವು. ನನಗೆ ಅಳುವೂ ಬಂತು. ಅಮ್ಮ ಊಟ ಶುರು ಮಾಡಿದಳು, ಪರವಾಗಿಲ್ಲ ಅಂದಳು. ಅಪ್ಪನದನ್ನು ಪಾರ್ಸೆಲ್ ಮಾಡಿಸಿ ತಾರಸಿ ಮೇಲೆ ಇಡೋಣ ಅಂದಳು. ನಾನೂ ನಿರಾಳವಾಗಿ ಗಬಗಬನೆ ತಿಂದೆ.

ಆಗ ಅಮ್ಮ ನನ್ನ ಕಡೆ ತಿರುಗಿದಳು. "ನೀನೇನೂ ಇಡಲ್ವೇನೇ, ಅಪ್ಪಂಗೆ?"

ನನ್ನ ತಟ್ಟೆ ಖಾಲಿಯಾಗಿತ್ತು.