ಅಡುಗೆಮನೆಯ ಹವಾಯಿ ಚಪ್ಪಲಿ

ಕುಮಟೆಯ ನಮ್ಮ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲ ಬಳಿ ನೀಲಿ ಪಟ್ಟಿಯ ಒಂದು ಜೊತೆ ಹವಾಯಿ ಚಪ್ಪಲಿ ಇದೆ. ರಸ್ತೆ ಎಂದರೇನೆಂದು ಅದಕ್ಕೆ ಗೊತ್ತಿಲ್ಲ; ಅಂಗಡಿಯಿಂದ ಕಾಗದದಲ್ಲಿ ಸುತ್ತಿಕೊಂಡು ಬಂದದ್ದು ನೇರ ಅಲ್ಲಿಗೇ ಸೇರಿದೆ. ದಿನಾ ಬೆಳಿಗ್ಗೆ ಅಜ್ಜಿ ಅದನ್ನು ಕಸಬರಿಗೆಯ ತುದಿಯಿಂದ ತಳ್ಳುತ್ತ ತಳ್ಳುತ್ತ ಹಿತ್ತಿಲ ಮೆಟ್ಟಿಲಿಗೆ ಗಡೀಪಾರು ಮಾಡುತ್ತಾಳೆ. ದಿನಾ ಬೆಳಿಗ್ಗೆ ನಾನು ಕ್ಷಮಾದಾನ ನೀಡಿ ಸಕಲ ಮರ್ಯಾದೆಗಳೊಂದಿಗೆ ಮರಳಿ ಕರೆತರುತ್ತೇನೆ. ಮಹನೀಯರೇ, ನೀವು ಮೂಗು ಮುರಿಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನೈವೇದ್ಯ ಬೇಯುವ ಜಾಗಕ್ಕೆ ಚಪ್ಪಲಿ ಮೆಟ್ಟಿ ಹೋಗುವ ಪಾಪಿ ನಾನೇ. ಹೋಗುತ್ತೇನೆ. ಎಂತ ಈಗ?

ಈ ಚಪ್ಪಲಿಯ ವಂಶಾವಳಿ ಹೇಳಬೇಕೆಂದರೆ ಒಂದು ಮಿಕ್ಸರಿನಿಂದ ಶುರುಮಾಡಬೇಕು. ತೊಂಬತ್ತರ ದಶಕದ ಕೊನೆಯ ಮಾತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಅಪ್ಪ ಪರೀಕ್ಷೆಯ ಕೆಲಸಕ್ಕೆಂದು ಭಟ್ಕಳಕ್ಕೆ ಹೋದವ, ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಒಂದು ಫಾರಿನ್ ಮಿಕ್ಸರ್ ಇಟ್ಟುಕೊಂಡು ಬಂದ. ದುಬೈಯಿಂದ ಬಂದವರ ಪೆಟ್ಟಿಗೆಯ ಸಾಮಾನು ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತಿತ್ತು. "ಮಾಸ್ತರ್ರೆ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತಿರುಗ್ತದೆ" ಎಂದಿದ್ದನಂತೆ ಅಂಗಡಿಯವ. ಮಿಕ್ಸರ್ ತಿರುಗಲು ತಯಾರೇ ಇತ್ತು. ಆದರೆ ಅದರ ಪ್ಲಗ್ಗಿನ ಮೂರು ಚಪ್ಪಟೆ ಕಾಲುಗಳು ನಮ್ಮ ಗೋಡೆಯ ಯಾವ ತೂತಿಗೂ ಹೊಂದಲಿಲ್ಲ. ಅಪ್ಪ ವಿಚಲಿತನಾಗಲಿಲ್ಲ. ಪ್ಲಗ್ಗನ್ನೇ ಕತ್ತರಿಸಿ ಎಸೆದು, ಒಳಗೆ ಕಂಡ ಮೂರು ತಂತಿಗಳಲ್ಲಿ ಎರಡನ್ನು ಎರಡು ಕಾಲಿನ ದೇಶೀ ಪ್ಲಗ್ಗಿಗೆ ಕಟ್ಟಿದ. ಭಾಗಾಕಾರದ ಶೇಷದಂತೆ ಉಳಿದ ಹಸಿರು-ಹಳದಿ ಪಟ್ಟೆಯ ತಂತಿಯನ್ನು ಮಡಚಿ, ಟೇಪು ಸುತ್ತಿ, "ಇದು ಎಂತಕ್ಕೂ ಬೇಡ" ಎಂದು ಘೋಷಿಸಿದ. ಮಿಕ್ಸರ್ ಗರ್ರೆಂದಿತು. ಮನೆಯವರೆಲ್ಲ ಗಣಿತಶಾಸ್ತ್ರಕ್ಕೆ ಕೈಮುಗಿದೆವು.

ಅಜ್ಜಿಯೊಬ್ಬಳಿಗೆ ಅನುಮಾನ ಹೋಗಲಿಲ್ಲ. ಅವಳ ಅನುಮಾನ ತಂತಿಯ ಮೇಲಲ್ಲ, ಮೈಲಿಗೆಯ ಮೇಲೆ. ಸ್ನಾನಕ್ಕೆ ಮುಂಚೆ ಆಯಿ, ಅಂದರೆ ನನ್ನ ಅಮ್ಮ, ಮುಟ್ಟಿದ, ಸಮುದ್ರ ದಾಟಿ ಬಂದ ಯಂತ್ರದಲ್ಲಿ ದೇವರ ಅಡುಗೆಗೆ ಕಾಯಿ ಬೀಸುವುದು ಹೇಗೆ? ಅದಕ್ಕೆ ಅವಳೇ ಉಪಾಯ ಕಂಡುಹಿಡಿದಳು. ದಿನಾ ಬೆಳಿಗ್ಗೆ ತುಳಸೀದಳದಲ್ಲಿ ನೀರು ತೆಗೆದು ಮಿಕ್ಸರಿನ ನೆತ್ತಿಗೆ, ಹೊಟ್ಟೆಗೆ, ಕೊನೆಗೆ ಪ್ಲಗ್ಗಿಗೂ ಪ್ರೋಕ್ಷಣೆ ಮಾಡುವುದು, ಆಮೇಲೆ ಸ್ವಿಚ್ಚು ಹಾಕುವುದು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಮಡಿಸೀರೆ ಒಣಗುವ ಮಾತೇ ಇಲ್ಲವಾದ್ದರಿಂದ ಹಿಂಡಿದ ಒದ್ದೆ ಸೀರೆಯನ್ನೇ ಉಟ್ಟು, ಅದರಿಂದ ತೊಟ್ಟಿಕ್ಕಿದ ನೀರಿನಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದಳು. ಮೇಲೆ ನೀರು, ಕೆಳಗೆ ನೀರು, ನಡುವೆ ನನ್ನ ಅಜ್ಜಿ. ಕರೆಂಟಿಗೆ ಇದಕ್ಕಿಂತ ಭವ್ಯವಾದ ಸ್ವಾಗತ ಸಮಾರಂಭ ಮತ್ತೆಲ್ಲೂ ಸಿಕ್ಕಿರಲಿಕ್ಕಿಲ್ಲ.

ಕರೆಂಟೂ ಮೊದಮೊದಲು ಸಂಕೋಚದಿಂದಲೇ ಬಂತು. ಬೆರಳಿಗೆ ಜುಮ್ಮೆನ್ನಿಸಿ ಹೋಗುತ್ತಿತ್ತು. "ಗಂಟುನೋವಿಗೆ ಒಳ್ಳೇದು" ಎಂದಳು ಅಜ್ಜಿ. ಆಯಿ ಹೊನ್ನಾವರದಿಂದ ಬಂದ ನೆಂಟರಿಗೆ ಬಚ್ಚಲಿನ ಕಲ್ಲು ಜಾರುತ್ತದೆ ಎಂದು ಹೇಳುವ ಉಸಿರಿನಲ್ಲೇ ಮಿಕ್ಸರ್ ಸ್ವಲ್ಪ ಜುಮ್ಮೆನ್ನುತ್ತದೆ ಎಂದೂ ತಿಳಿಸುತ್ತಿದ್ದಳು. ಅವರೂ ತಲೆಯಾಡಿಸುತ್ತಿದ್ದರು, ಅವರ ಮನೆಯಲ್ಲಿ ಪಂಪು ಜುಮ್ಮೆನ್ನುತ್ತಿತ್ತು.

ಇನ್ನು ನಾನು. ಕಾಲೇಜಿನಲ್ಲಿ ಓದುತ್ತಿದ್ದೆ ಎಂದು ಅಪ್ಪ ಹೇಳಿಕೊಳ್ಳುತ್ತಿದ್ದ. ನಾನು ಊರವರ ದನಿಗಳನ್ನು ಕದಿಯುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಗಂಟಲಿನಲ್ಲಿ "ಹೊನ್ನಾವರ, ಮಾವಳ್ಳಿ, ಭಟ್ಕಳ" ಎಂದು ಕೂಗಿ ನಿದ್ದೆಯಲ್ಲಿದ್ದ ಪ್ರಯಾಣಿಕರನ್ನು ಗಂಟುಮೂಟೆ ಸಮೇತ ಎಬ್ಬಿಸಿದ ಕೀರ್ತಿ ನನ್ನದು. ಅಂಥವನ ಮನೆಯಲ್ಲೇ ಶಾಕ್ ಹೊಡೆಯುವ ಯಂತ್ರವಿದ್ದರೆ ಬಿಡುವುದುಂಟೇ? ಅಪ್ಪ ಶಾಕ್ ಹೊಡೆದಾಗ ಕೈ ಹಿಂತೆಗೆದು, ಗಂಟೆ ನೋಡಲೆಂದೇ ತೆಗೆದವನಂತೆ ವಾಚು ನೋಡಿಕೊಳ್ಳುತ್ತಿದ್ದ. ಆಯಿ ಮಿಕ್ಸರಿಗೇ ಬಯ್ಯುತ್ತಿದ್ದಳು. ಅಜ್ಜಿಯದು "ಹ್ಹಾ ನಾರಾಯಣಾ"; ಹ್ಹಾ ಎಂಬುದು ಕರೆಂಟಿಗೆ, ನಾರಾಯಣಾ ಎಂಬುದು ಹಾ ಎಂದ ತಪ್ಪಿಗೆ. ನನಗೆ ಹೊಡೆದಾಗ ಮಾತ್ರ ಬಾಲ ತುಳಿಸಿಕೊಂಡ ಬೆಕ್ಕಿನ ದನಿ ಹೊರಟಿತ್ತು, ಅದನ್ನೂ ಆಡಿ ತೋರಿಸುತ್ತಿದ್ದೆ. ಎಲ್ಲರಿಗೂ ಇಷ್ಟವಾದದ್ದು ಅಜ್ಜಿಯ ಕೂಗು. ಅಜ್ಜಿಯೇ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಆಷಾಢದ ಒಂದು ಬೆಳಿಗ್ಗೆ ಹಾಲು ತಂದು ಜಗಲಿಯಲ್ಲಿ ಕೊಡೆ ಕೊಡವುತ್ತಿದ್ದೆ, ಕಾಲಲ್ಲಿ ಚಪ್ಪಲಿ ಇನ್ನೂ ಇತ್ತು. ಒಳಗಿನಿಂದ ಕೂಗು ಬಂತು. "ಹ್ಹಾ ನಾರಾ..." ಅಷ್ಟೇ. ಮುಂದಿನದು ಬರಲಿಲ್ಲ.

ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಆಯಿ, "ಸಾಕೋ ಮಾಣಿ, ಬೆಳಗಾಗದ್ರೊಳಗೆ ನಿನ್ನ ನಾಟಕ ಶುರು ಆತಾ" ಎಂದಳು. ನಡುಮನೆಯಲ್ಲಿ ಪೇಪರು ಓದುತ್ತಿದ್ದ ಅಪ್ಪ, "ಇವತ್ತು ಪಸಂದಾಗಿದ್ದು" ಎಂದು ನಕ್ಕ.

ಆ ಕೂಗು ನನ್ನದಲ್ಲ ಎಂದು ಗೊತ್ತಿದ್ದವ ಆ ಮನೆಯಲ್ಲಿ ನಾನೊಬ್ಬನೇ.

ಮೇನ್ ಸ್ವಿಚ್ಚು ಜಗಲಿಯ ಗೋಡೆಯಲ್ಲೇ ಇತ್ತು. ಅದನ್ನು ಎಳೆದು ಕೆಳಗೆ ಹಾಕಿ ಓಡಿದೆ. ಕರೆಂಟು ಹೋದ ಮೇಲೆಯೇ ಮಿಕ್ಸರ್ ಅಜ್ಜಿಯ ಕೈ ಬಿಟ್ಟದ್ದಿರಬೇಕು. ಅವಳು ನೆಲದ ನೀರಿನಲ್ಲಿ ಒರಗಿ ಬಿದ್ದಿದ್ದಳು. ಅಂಗೈಯಲ್ಲಿ ಸುಟ್ಟ ಗೆರೆ. ಉಸಿರು ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ, ಅವಳನ್ನು ನೀರಿನಿಂದ ಈಚೆ ಎಳೆದುಕೊಂಡೆ. ಆಯಿ ಓಡಿ ಬಂದಳು. ಅಪ್ಪ ಪೇಪರು ಹಿಡಿದುಕೊಂಡೇ ಬಾಗಿಲಲ್ಲಿ ನಿಂತ. ತುಂಬ ಹೊತ್ತಾದ ಮೇಲೆ ಅಜ್ಜಿ ಕಣ್ಣು ತೆರೆದು, ನನ್ನ ಮುಖ ಬಿಟ್ಟು ಕಾಲನ್ನು ನೋಡಿದಳು.

"ಚಪ್ಪಲ್ ಹಾಕ್ಯಂಡು ಒಳಗೆ ಬಂದ್ಯಾ?"

"ಬಂದೆ" ಎಂದೆ. "ನಾಳೆನೂ ಬತ್ತೆ."

ಯಾರ ದನಿಯನ್ನೂ ಸಾಲ ಪಡೆಯದೆ ನಾನು ಆಡಿದ ಮೊದಲ ಮಾತು ಅದೇ ಇರಬೇಕು.

ಡಾಕ್ಟರು ಕೈಗೆ ಪಟ್ಟಿ ಸುತ್ತಿ, ಎರಡು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದವಳೇ ಅಜ್ಜಿ ಚಪ್ಪಲಿಯ ಮೈಲಿಗೆಗೆ ಅಡುಗೆಮನೆ ಪೂರ್ತಿ ತೊಳೆಯಬೇಕೆಂದಳು. ನಾನು ಪ್ಲಗ್ಗಿನ ಮುಂದೆ ಕಾಲು ಚಾಚಿ ಕೂತೆ. ವೈರಿಂಗಿನವ ಬರುವ ತನಕ ಇಲ್ಲಿ ಒಂದು ಹನಿ ನೀರು ಬೀಳಕೂಡದು, ಊಟವೂ ಬೇಡ ಎಂದೆ. ಸತ್ಯಾಗ್ರಹ ಮಧ್ಯಾಹ್ನದವರೆಗೆ ನಡೆಯಿತು. ಪುಣ್ಯಕ್ಕೆ ವೈರಿಂಗಿನ ನಾಗೇಶ ಅಷ್ಟರಲ್ಲಿ ಬಂದ. ಅವ ಟೇಪು ಬಿಚ್ಚಿ ಹಸಿರು-ಹಳದಿ ತಂತಿಯನ್ನು ಹೊರಗೆಳೆದು ಒಮ್ಮೆ ಅಪ್ಪನನ್ನು ನೋಡಿದ.

"ಮಾಸ್ತರ್ರೆ, ಮೂರು ಲೆಕ್ಕ ಕೊಟ್ಟಾಗ ಎರಡೇ ಮಾಡಿಟ್ರೆ ನೀವು ಪಾಸ್ ಮಾಡ್ತ್ರಾ?"

ಅಪ್ಪ ವಾಚು ನೋಡಿಕೊಂಡ.

ನಾಗೇಶ ಮೂರು ತೂತಿನ ಸಾಕೆಟ್ಟು ಹಾಕಿ, ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು-ಉಪ್ಪು ತುಂಬಿ, ಸೋರಿದ ಕರೆಂಟು ಮೈಗೆ ಬಾರದೆ ನೆಲಕ್ಕಿಳಿಯಲೆಂದು ಮೂರನೆಯ ತಂತಿಯನ್ನು ಮಣ್ಣಿಗೆ ಮುಟ್ಟಿಸಿದ. ಬೇಸಗೆಯಲ್ಲಿ ಈ ಗುಂಡಿಗೆ ದಿನಾ ನೀರು ಹೊಯ್ಯಬೇಕು, ಮಿಕ್ಸರಿಗಲ್ಲ ಎಂದು ಅಜ್ಜಿಗೆ ಒತ್ತಿ ಹೇಳಿದ. ಅಜ್ಜಿ ಯೋಚಿಸಿ, "ಈ ಗುಂಡಿಯಿಂದ ಮಿಕ್ಸರಿಗೆ ತಂತಿ ಇದ್ದಾ?" ಎಂದಳು. ಇದೆ ಎಂದ. "ಹಂಗಾದ್ರೆ ಇಲ್ಲಿ ಹೊಯ್ದದ್ದು ಅಲ್ಲಿಗೂ ಮುಟ್ಟಿದ ಹಾಂಗೇ ಆತು." ಅಂದಿನಿಂದ ಪ್ರೋಕ್ಷಣೆ ಹಿತ್ತಿಲಲ್ಲೇ, ಮಳೆ ಹೊಯ್ಯುವಾಗಲೂ. ವಿದ್ಯುಚ್ಛಾಸ್ತ್ರ, ಧರ್ಮಶಾಸ್ತ್ರ ಎರಡನ್ನೂ ಒಂದೇ ತಂತಿಗೆ ಕಟ್ಟಿದ ಮಹಾತಾಯಿ. ಒದ್ದೆ ಸೀರೆ ಬಿಟ್ಟು ರೇಷ್ಮೆಯ ಒಣ ಪಟ್ಟೆಮಡಿ ಉಡಲು, ಮರದ ಮಣೆಯ ಮೇಲೆ ನಿಲ್ಲಲು ಒಪ್ಪಿದಳು. ಕರೆಂಟು ದಾಟದ ರಬ್ಬರ್ ಚಪ್ಪಲಿಗೆ ಮಾತ್ರ ಒಪ್ಪಲಿಲ್ಲ. ನಾನೂ ಬಿಡಲಿಲ್ಲ, ಮಾರನೆಯ ದಿನವೇ ಹೊಸ ಜೊತೆ ತಂದೆ. ಶಾಕಿಗಿಂತ ನನಗೆ ಈಗಲೂ ಹೆದರಿಕೆ ಆ "ಸ್ವಲ್ಪ ಜುಮ್" ಎಂಬ ಮಾತಿಗೆ. ಅದನ್ನು ಮನೆಯ ಸದಸ್ಯನಂತೆ ಸಾಕಿ, ನೆಂಟರಿಗೆ ಪರಿಚಯ ಮಾಡಿಕೊಟ್ಟು, ಅದರ ಮೇಲೆ ನಗೆಯಾಟ ಕಟ್ಟಿದವರಲ್ಲಿ ಮೊದಲಿಗ ನಾನು. ಆ ಕೂಗನ್ನು ಮತ್ತೆ ಅನುಕರಿಸಿಲ್ಲ.

ಮೊನ್ನೆ ಬೆಳಿಗ್ಗೆ ಜೋರು ಮಳೆ. ವಾಡಿಕೆಯಂತೆ ಹಿತ್ತಿಲ ಮೆಟ್ಟಿಲಿಗೆ ಹೋದರೆ ಚಪ್ಪಲಿ ಅಲ್ಲಿಲ್ಲ. ಹುಡುಕಿದಾಗ ಬಚ್ಚಲೊಲೆಯ ಬುಡದಲ್ಲಿ ಗೋಡೆಗೊರಗಿ ನಿಂತಿತ್ತು. ಪಕ್ಕದಲ್ಲಿ ಅಜ್ಜಿ, ಮುಟ್ಟದೆ ತಳ್ಳಿದ ಕೋಲು ಕೈಯಲ್ಲಿ.

"ಹಸಿ ಚಪ್ಪಲ್ ಹಾಕ್ಯಂಡು ಕರೆಂಟು ಮುಟ್ಟಡ" ಎಂದಳು, ಗೋಡೆಗೆ ಹೇಳುವವಳಂತೆ. "ನಾಳೆ ಮತ್ತೆ ಹೊರಗೇ ಒಗೀತೆ."

"ಆತು" ಎಂದು ಮೆಟ್ಟಿಕೊಂಡೆ. ಬೆಚ್ಚಗಿತ್ತು.